ಪೆಟ್ ಶಾಪ್ ಬಾಯ್ಸ್ ಯಾರು? ಅವರ ಸಂಗೀತದಲ್ಲಿ ಅಂಥದ್ದೇನಿದೆ?

ಈ ಬ್ರಿಟಿಷ್ ತಂಡದಲ್ಲಿ ಇರೋದು ಇಬ್ಬರೇ: ಹಾಡುವ ನೀಲ್ ಟೆನೆಂಟ್, ಕೀಬೋರ್ಡ್ ನುಡಿಸುವ ಕ್ರಿಸ್ ಲೋ. 1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಪರಿಚಯವಾದರು.

'ವೆಸ್ಟ್ ಎಂಡ್ ಗರ್ಲ್ಸ್' ಹಾಡು 1984ರಲ್ಲಿ ಬಂದಾಗ ಬ್ರಿಟನ್ನಿನಲ್ಲಿ ಅಷ್ಟೇನೂ ಓಡಲಿಲ್ಲ. ನಿರ್ಮಾಪಕ ಸ್ಟೀಫನ್ ಹೇಗ್ ಜೊತೆ ಅದನ್ನೇ ಮತ್ತೆ ರೆಕಾರ್ಡ್ ಮಾಡಿದರು. 1986ರಲ್ಲಿ ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು.

ನನಗೆ ಜಾಸ್ತಿ ಇಷ್ಟವಾಗುವುದು ಇವರ ಹಾಡುಗಳಲ್ಲಿರುವ ಎಳೆದಾಟ. ಕೆಳಗೆ ಡ್ರಮ್ ಮಷೀನ್, ಸಿಂಥಸೈಜರ್ ಸೇರಿ ಕುಣಿಸುವ ಡಿಸ್ಕೋ ಲಯ. ಮೇಲೆ ಟೆನೆಂಟ್ ಅವರ ತೆಳು ದನಿ. ಅಬ್ಬರವೇ ಇಲ್ಲ, ಕೆಲವೊಮ್ಮೆ ಬರೀ ಮಾತಾಡಿದ ಹಾಗೆ. ಸಾಲುಗಳ ತುಂಬ ಒಂಟಿತನ, ದುಡ್ಡಿನ ಆಸೆ, ಪಾಪಪ್ರಜ್ಞೆ. 'ಇಟ್ಸ್ ಎ ಸಿನ್' ಹುಟ್ಟಿದ್ದು ಟೆನೆಂಟ್ ಕ್ಯಾಥೊಲಿಕ್ ಶಾಲೆಯಲ್ಲಿ ಓದಿದ ದಿನಗಳಿಂದ. 'ಬೀಯಿಂಗ್ ಬೋರಿಂಗ್' ಹಾಡಿನ ಹಿಂದೆ ಏಡ್ಸ್‌ನಿಂದ ತೀರಿಕೊಂಡ ಗೆಳೆಯನ ನೆನಪಿದೆ. ಕುಣಿಯುತ್ತಲೇ ಕಣ್ಣು ತೇವವಾಗುತ್ತೆ, ಹಾಗೆ ಮಾಡೋದು ಸುಲಭದ ಕೆಲಸವಾ?

ವೇದಿಕೆಯಲ್ಲಿ ಲೋ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಹೆಚ್ಚಾಗಿ ಅಲುಗಾಡದೆ ನಿಂತಿರುತ್ತಾರೆ.

ಹಾಡುಗಾರಿಕೆ ನಿಂತಿಲ್ಲ, 2024ರಲ್ಲೂ 'ನನ್‌ದಿಲೆಸ್' ಆಲ್ಬಮ್ ತಂದರು. ಹೊಸದಾಗಿ ಕೇಳುವವರು 1990ರ 'ಬಿಹೇವಿಯರ್'ನಿಂದ ಶುರು ಮಾಡಿ. ಅವರ ಕೆಲಸದಲ್ಲೇ ಅದು ಅತ್ಯುತ್ತಮ ಅಂತ ನನ್ನ ಅನಿಸಿಕೆ.