ಅವ್ವನ ಮಾತು ‘ತಪ್ಪು’ ಕಾಲಂನಲ್ಲಿತ್ತು

(ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ.)

ಸಿಂಧನೂರು ಕಡೆಯ ಒಂದು ಹಳ್ಳಿಯಿಂದ ರಾಯಚೂರಿನ ನನ್ನ ಆಪ್ತಸಲಹೆಯ ಕೊಠಡಿಗೆ ಬಂದ ಇಪ್ಪತ್ತೆರಡರ ಯುವತಿ. ಬಿ.ಎ. ಮುಗಿದು ವರ್ಷವಾಗಿತ್ತು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ ಆಕಾಶವಾಣಿ ಸೇರಬೇಕೆಂಬ ಆಸೆ. ಅರ್ಜಿ ಮಾತ್ರ ಹಾಕಿರಲಿಲ್ಲ. “ಮೊದಲು ಮಾತು ಸರಿಯಾಗಲಿ ಮೇಡಂ, ಆಮೇಲೆ ಓದಲು ಹೋಗುತ್ತೇನೆ” ಎಂದಳು.

ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಮೊದಲ ಪುಟಗಳಲ್ಲಿ ಕೆಂಪು ಶಾಯಿಯ ಗೆರೆ ಎಳೆದ ಏಳು ವೇಳಾಪಟ್ಟಿಗಳು. ಒಂದೂ ವಾರ ದಾಟಿರಲಿಲ್ಲ. ಆಮೇಲೆ ಪುಟಪುಟವೂ ಎರಡು ಕಾಲಂ. ಎಡಕ್ಕೆ ‘ತಪ್ಪು’, ಬಲಕ್ಕೆ ‘ಸರಿ’. ಸಾಲಿ, ಶಾಲೆ. ಮಳಿ, ಮಳೆ. ಸಂತಿ, ಸಂತೆ. ಅಂಚಿನಲ್ಲಿ ಆಯಾ ದಿನದ ಯೋಚನೆಗಳು. ಒಂದು ಕಡೆ ಹೀಗಿತ್ತು: “ಇಂದು ಅವ್ವ ನನ್ನ ಜೊತೆ ಮಾತನಾಡಲಿಲ್ಲ.”

ಅದೇನೆಂದು ಕೇಳಿದೆ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಳು. ಕಾಲೇಜಿನ ಸಮಾರಂಭವೊಂದರಲ್ಲಿ ನಿರೂಪಣೆ ಮಾಡುವಾಗ ಆಕೆಯ ಬಾಯಲ್ಲಿ ‘ಮಳಿ’ ಬಂದಿತ್ತು. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಮೈಕಿನಲ್ಲೇ ನಕ್ಕಿದ್ದರು. ಅಂದಿನಿಂದ ಮನೆಯಲ್ಲಿ ಅವ್ವನ ಪ್ರತಿ ಮಾತನ್ನೂ ತಿದ್ದತೊಡಗಿದಳು. ರೊಟ್ಟಿ ತಟ್ಟುತ್ತ ಕುಳಿತ ಅವ್ವ ಒಂದು ದಿನ, “ನಾನು ಬಾಯಿ ತೆರೆದರೆ ನಿನಗೆ ತಪ್ಪೇ ಕಾಣುತ್ತದೆ. ಸುಮ್ಮನಿದ್ದರೆ ಆಯಿತಲ್ಲ” ಎಂದಳಂತೆ. ಹಾಗೇ ಸುಮ್ಮನಾದಳು.

ಅರ್ಜಿ ಹಾಕದೆ ಕುಳಿತದ್ದನ್ನು ಮನೆಯವರು ಸೋಮಾರಿತನ ಎಂದುಕೊಂಡಿದ್ದರು. ನನಗೆ ಕಂಡದ್ದು ನಾಚಿಕೆ. ಮೈಕಿನಲ್ಲಿ ಆದ ಅವಮಾನವನ್ನು ಆಕೆ ಮನೆಯವರೆಗೂ ಹೊತ್ತು ತಂದಿದ್ದಳು. ನಕ್ಕ ಹಿರಿಯರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೊದಲ ಸಲಹೆಯಾಗಿ ಪೆನ್ನು ಕೊಟ್ಟು ‘ತಪ್ಪು’, ‘ಸರಿ’ ಎರಡನ್ನೂ ಹೊಡೆದುಹಾಕಲು ಹೇಳಿದೆ. ಅಲ್ಲಿ ‘ಮನೆ’, ‘ಮೈಕು’ ಎಂದು ಬರೆಸಿದೆ. ಸುದ್ದಿ ಓದಲು ಶಕಾರ, ಸಕಾರ, ಮಹಾಪ್ರಾಣಗಳ ಸ್ಪಷ್ಟತೆ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಅಭ್ಯಾಸದಿಂದ ಬರುವ ವಿದ್ಯೆ ಅದು. ಆದರೆ ಕೃಷಿ ಕಾರ್ಯಕ್ರಮಕ್ಕೆ ಬಂದ ರೈತ ‘ಮಳಿ’ ಎಂದಾಗ ಅವನ ಮಾತನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಬಲ್ಲವಳು ಆ ಮಾತಿನಲ್ಲೇ ಬೆಳೆದವಳು. ರಾಯಚೂರು, ಹೊಸಪೇಟೆ, ಕಲಬುರಗಿ ಕೇಂದ್ರಗಳು ಈ ನೆಲದ ಕೇಳುಗರಿಗಾಗಿಯೇ ಇವೆಯಲ್ಲವೇ?

ಎರಡನೆಯದು, ಕನ್ನಡಿಯ ಮುಂದೆ ಓದುವುದನ್ನು ಬಿಡುವುದು. ಮನೆಯಲ್ಲಿ ಕಣ್ಣು ಮಂಜಾದ ಅಜ್ಜ ಇದ್ದಾನೆ. ದಿನಕ್ಕೆ ಅರ್ಧ ಗಂಟೆ ಅವನಿಗೆ ಪತ್ರಿಕೆ ಓದಿ ಹೇಳು ಎಂದೆ. ರೇಡಿಯೊ ಕೇಳುವವನಿಗೆ ಹಿಂದಿನ ಸಾಲಿಗೆ ಮರಳುವ ಅವಕಾಶವಿಲ್ಲ. ಒಂದು ವಾಕ್ಯಕ್ಕೆ ಒಂದೇ ಸಂಗತಿ ಇರಬೇಕು. ಅಜ್ಜ “ಏನಂದೆ?” ಎಂದರೆ ಆ ವಾಕ್ಯವನ್ನು ಮುರಿದು ಮತ್ತೆ ಬರೆಯಬೇಕು.

ಮೂರು ವಾರದ ನಂತರ ಬಂದಾಗ ಮುಖದಲ್ಲಿ ಗೆಲುವಿತ್ತು. ತುಂಗಭದ್ರಾ ಜಲಾಶಯದ ಸುದ್ದಿ ಓದಿ, ಗರಿಷ್ಠ ಮಟ್ಟ 1633 ಅಡಿ ಎಂದಳಂತೆ. ಅಜ್ಜ ಕೇಳಿದ್ದು ಒಂದೇ: “ಅದಿರಲಿ, ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ?” ಆ ಸಾಲು ಸುದ್ದಿಯ ಕೊನೆಯಲ್ಲಿತ್ತು. ಮರುದಿನ ಅದನ್ನೇ ಮೊದಲು ಓದಿದಳು. ಸುದ್ದಿ ಬರೆಯುವುದರ ಮೊದಲ ಪಾಠ ಹೀಗೆ ಮನೆಯ ಕಟ್ಟೆಯ ಮೇಲೆ ಆಯಿತು.

ಉಳಿದದ್ದು ವ್ಯವಹಾರದ ಮಾತು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಎರಡರಲ್ಲೂ ಪತ್ರಿಕೋದ್ಯಮ ವಿಭಾಗವಿದೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಕೊಡುವ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಕೊಳ್ಳಲು ಹೇಳಿದೆ. ಕಲ್ಯಾಣ ಕರ್ನಾಟಕದೊಳಗಿನ ಬಳ್ಳಾರಿಯಲ್ಲಿ ಸ್ಥಳೀಯರಿಗೆ ಶೇ. 70 ಸೀಟು ಮೀಸಲು. ತಂದೆಗೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ತಿಳಿಸಿದೆ: ಆಕಾಶವಾಣಿಯ ತಾತ್ಕಾಲಿಕ ಉದ್ಘೋಷಕರನ್ನು ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ ಮಾಡಿ ಆರಿಸುತ್ತಾರೆ, ಹಣ ಪಾಳಿಯ ಲೆಕ್ಕದಲ್ಲಿ ಬರುತ್ತದೆ, ಅದು ಕಾಯಂ ನೌಕರಿಯಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದಲಿ ಬಿಡಿ” ಎಂದರು.

ಅವ್ವನ ವಿಷಯ ನಿಧಾನ. ಕ್ಷಮೆ ಕೇಳು ಎಂದು ನಾನು ಹೇಳಲಿಲ್ಲ. ಅವ್ವನಿಂದ ಏನನ್ನಾದರೂ ಕೇಳಿ ಬರೆದುಕೋ ಎಂದೆ. ಕಳೆದ ವಾರ ಆಕೆ ನೋಟ್‌ಬುಕ್ ತೆರೆದಳು. ‘ಮನೆ’ ಕಾಲಂನಲ್ಲಿ ಭತ್ತದ ನಾಟಿಯ ಕುರಿತು ಅವ್ವ ಹೇಳಿದ ಹದಿಮೂರು ಮಾತುಗಳಿದ್ದವು. ಬಲಗಡೆಯ ಕಾಲಂ ಖಾಲಿ. “ಇವಕ್ಕೆ ಮೈಕಿನ ಮಾತು ನನಗೆ ಸಿಗಲಿಲ್ಲ ಮೇಡಂ” ಎಂದಳು. ಮುಂದಿನ ಭೇಟಿಗೆ ಅವ್ವನೂ ಬರುತ್ತಾಳಂತೆ.