ಹಸುಗೂಸಿನ ಮಲ: ಎಣಿಕೆಗಿಂತ ಬಣ್ಣ ಮುಖ್ಯ

ಪ್ರಶ್ನೆ: ನನ್ನ ಮಗಳಿಗೆ ಎರಡು ತಿಂಗಳು, ಎದೆಹಾಲು ಬಿಟ್ಟು ಬೇರೇನನ್ನೂ ಕೊಡುತ್ತಿಲ್ಲ. ಮೊದಲ ತಿಂಗಳು ಹಾಲು ಕುಡಿದಾಗಲೆಲ್ಲ ತೆಳ್ಳಗೆ, ಹಳದಿಯಾಗಿ ಕಕ್ಕ ಮಾಡುತ್ತಿದ್ದವಳು ಈಗ ಐದು ದಿನಗಳಿಂದ ಮಾಡಿಲ್ಲ. ಹಾಲು ಕುಡಿಯುವುದು, ನಗುವುದು ಎಂದಿನಂತೆಯೇ ಇದೆ. ಹರಳೆಣ್ಣೆ ಕುಡಿಸಬೇಕು, ಇಲ್ಲವೇ ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ ಗುದದಲ್ಲಿ ಇಡಬೇಕು ಎನ್ನುತ್ತಾರೆ ಅತ್ತೆಯವರು. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಹಿಂದಿನ ತೆಳುಮಲವೂ ಭೇದಿಯಲ್ಲ, ಈಗಿನದೂ ಮಲಬದ್ಧತೆಯಲ್ಲ. ಹೊಟ್ಟೆಗೆ ಹಾಲು ಬಿದ್ದೊಡನೆ ದೊಡ್ಡ ಕರುಳು ಚಲಿಸುವುದರಿಂದ ಎಳೆಗೂಸು ಪ್ರತಿ ಸಲ ಮಲ ವಿಸರ್ಜಿಸುತ್ತದೆ. ಸುಮಾರು 6 ವಾರಗಳ ನಂತರ ಈ ಪ್ರತಿಕ್ರಿಯೆ ತಗ್ಗುತ್ತದೆ ಮತ್ತು ಎದೆಹಾಲು ಬಹುಪಾಲು ಜೀರ್ಣವಾಗಿ ಉಳಿಯುವ ಶೇಷ ಅತ್ಯಲ್ಪವಾದ್ದರಿಂದ, ವಾರದವರೆಗೆ ಮಲ ಬಾರದಿದ್ದರೂ, ಕೊನೆಗೆ ಬಂದದ್ದು ಮೆತ್ತಗಿದ್ದರೆ ಅದು ಸಹಜವೇ. ಡಬ್ಬಿ ಹಾಲು ಕುಡಿಯುವ ಮಕ್ಕಳಿಗೆ ಈ ಮಾತು ಅನ್ವಯಿಸದು.

ಹಿರಿಯರ ಕಾಳಜಿ ಅರ್ಥವಾಗುವಂಥದ್ದೇ, ಆದರೆ ಆ ಎರಡೂ ಉಪಾಯಗಳು ಬೇಡ. ಹರಳೆಣ್ಣೆಯಿಂದ ಹೊಟ್ಟೆನೋವು ಮತ್ತು ಭೇದಿಯಾಗಿ ನಿರ್ಜಲೀಕರಣವಾಗಬಹುದು, ಕುಡಿಸುವಾಗ ಶ್ವಾಸಕೋಶಕ್ಕೂ ಇಳಿಯಬಹುದು. ತೊಟ್ಟಿನಿಂದ ಗುದದ್ವಾರಕ್ಕೆ ಗಾಯವಾಗಬಹುದು. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಕೂಡದು. ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಹಾಲು ನಿರಾಕರಿಸಿದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹುಟ್ಟಿದ 48 ಗಂಟೆಗಳೊಳಗೆ ಕಪ್ಪಾದ ಅಂಟುಮಲ ಹೋಗಿರದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಕರುಳಿನ ತುದಿಯಲ್ಲಿ ನರಕೋಶಗಳಿಲ್ಲದ ಜನ್ಮಜಾತ ತೊಂದರೆಯ ಮೊದಲ ಸೂಚನೆ ಅದೇ ಆಗಿರಬಹುದು.

ಓದುಗರು ದಿನಗಳನ್ನು ಎಣಿಸಿ ಬರೆಯುತ್ತಾರೆ, ಬಣ್ಣದ ಬಗ್ಗೆ ಬರೆಯುವವರು ವಿರಳ. ಹಳದಿ, ಹಸಿರು, ಕಂದು ಇವು ಯಾವುವೂ ರೋಗವಲ್ಲ. ನಾನು ಹೆದರುವುದು ಸುಣ್ಣದಂತೆ ಬಿಳಿಚಿದ ಅಥವಾ ಬೂದು ಮಲಕ್ಕೆ. ಮಲಕ್ಕೆ ಬಣ್ಣ ಕೊಡುವುದು ಪಿತ್ತರಸ. ಪಿತ್ತನಾಳ ಮುಚ್ಚಿಹೋದ ಮಗುವಿನಲ್ಲಿ ಅದು ಕರುಳನ್ನು ತಲುಪದೆ ಮಲ ಬಿಳಿಚುತ್ತದೆ, ಮೂತ್ರ ಗಾಢವಾಗಿ ಬಟ್ಟೆಗೆ ಕಲೆ ಹಿಡಿಯುತ್ತದೆ, ಎರಡು ವಾರ ಕಳೆದರೂ ಕಾಮಾಲೆ ಇಳಿಯುವುದಿಲ್ಲ. ಯಕೃತ್ತಿನಿಂದ ಪಿತ್ತರಸ ಕರುಳಿಗೆ ಹರಿಯುವಂತೆ ದಾರಿ ಮಾಡಿಕೊಡುವ ಕಾಸಾಯಿ ಶಸ್ತ್ರಚಿಕಿತ್ಸೆ ಹುಟ್ಟಿದ 60 ದಿನಗಳೊಳಗೆ ಆದರೆ ಯಕೃತ್ತು ಉಳಿಯುವ ಸಾಧ್ಯತೆ ಹೆಚ್ಚು. ಮಗು ದುಂಡಗೆ, ಚಟುವಟಿಕೆಯಿಂದಲೇ ಇರುವುದರಿಂದ "ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ" ಎನ್ನುತ್ತ ಮನೆಯವರು ಆ ದಿನಗಳನ್ನೇ ಕಳೆದುಬಿಡುತ್ತಾರೆ. ಮೊದಲು ಹಳದಿಯಿದ್ದ ಮಲವೂ ಕ್ರಮೇಣ ಬಿಳಿಚಬಹುದು. ಆದ್ದರಿಂದ ನಿಮ್ಮ ಮಗಳ ಮುಂದಿನ ಮಲವನ್ನು ಹಗಲಿನ ಬೆಳಕಿನಲ್ಲಿ ನೋಡಿ, ಸಂಶಯವಿದ್ದರೆ ಆ ಬಟ್ಟೆಯನ್ನು ಒಗೆಯದೆ ವೈದ್ಯರ ಬಳಿ ಒಯ್ಯಿರಿ. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದಾಳೆಯೇ ಗಮನಿಸಿ, 10ನೇ ವಾರದ ಲಸಿಕೆಗೆ ಹೋದಾಗ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.