ಅಜ್ಜಿ ಕೇಳುವ ಹಾಡು, ಮಗ ಬೇಡವೆನ್ನುವ ಹಾಡು

ಪ್ರಶ್ನೆ: ನಾನು ಉಡುಪಿ ಕಡೆಯ ಕ್ರೈಸ್ತಳು. ಜೆರುಸಲೇಮಿನಲ್ಲಿ ಸಿರಿಯಾದ ಅಲೆಪ್ಪೊ ಮೂಲದ ಯಹೂದಿ ಅಜ್ಜಿಯೊಬ್ಬರ ಆರೈಕೆಗೆ ಇದ್ದೇನೆ. ಈಜಿಪ್ಟಿನ ಉಮ್ ಕುಲ್ಸುಮ್ ಹಾಡೆಂದರೆ ಅಜ್ಜಿಗೆ ಪ್ರಾಣ. ಮೊಬೈಲಿನಲ್ಲಿ ಹಾಕಿದರೆ ನಾಲ್ಕು ತುತ್ತು ಹೆಚ್ಚೇ ಉಣ್ಣುತ್ತಾರೆ. ಮಗ ಬಹಳ ಕಟ್ಟುನಿಟ್ಟು, ಇಂಥ ಹಾಡು ಮನೆಯಲ್ಲಿ ಬೇಡವೆನ್ನುತ್ತಾರೆ. ನಾನು ಗುನುಗಿದರೂ ಎದ್ದು ಹೊರಗೆ ಹೋಗುತ್ತಾರೆ. ಅವರಿಲ್ಲದಾಗ ಹಾಕೆಂದು ಅಜ್ಜಿ ಕೈ ಹಿಡಿದು ಕೇಳುತ್ತಾರೆ. ಏನು ಮಾಡಲಿ?

ಉತ್ತರ: ತಂಗಿ, ಅವರು ಎದ್ದು ಹೋಗುವುದು ನಿಮ್ಮ ಮೇಲಿನ ಅಸಡ್ಡೆಯಿಂದಲ್ಲ. ಪರಸ್ತ್ರೀ ಹಾಡುವುದನ್ನು ಗಂಡಸು ಕೇಳಬಾರದೆಂಬುದು ಸಂಪ್ರದಾಯಸ್ಥ ಯಹೂದಿಗಳ ನಿಯಮ. ನನಗದು ಒಪ್ಪಿಗೆಯಿಲ್ಲ. ಆದರೂ ನಿಮ್ಮ ಬಾಯಿ ಮುಚ್ಚಿಸದೆ ತಾವೇ ಎದ್ದು ಹೋಗುವವರ ಮೇಲೆ ಸಿಟ್ಟು ಬರುತ್ತಿಲ್ಲ.

ಹಾಡಿನ ಮೇಲಿನ ಕಟ್ಟು ಹಳೆಯದು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ದುಃಖಕ್ಕೆ ಯಹೂದಿಗಳು ಹಾಡು, ವಾದ್ಯಗಳನ್ನು ದೂರವಿಟ್ಟರು. ಆದರೆ ಅವರ ಹಳೆಯ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್‌ನಲ್ಲೇ ದೋಣಿ ಎಳೆಯುವವರ, ಎತ್ತು ಹೊಡೆಯುವವರ ಹಾಡಿಗೆ ವಿನಾಯಿತಿ ಇದೆ. ನೇಕಾರರ ಹಾಡಿಗೆ ಮಾತ್ರ ಇಲ್ಲ! ಹದಿನಾರನೇ ಶತಮಾನದಲ್ಲಿ ಸಫೇದ್ ಊರಿನ ಶಾಸ್ತ್ರಪಂಡಿತ ಯೋಸೆಫ್ ಕಾರೊ ಬಿಗಿಯಾಗಿ ಬರೆದದ್ದನ್ನು ಪೋಲೆಂಡಿನ ಕ್ರಾಕೋವಿನ ಪಂಡಿತ ಮೋಶೆ ಇಸ್ಸೆರ್ಲೆಸ್ ಸಡಿಲಿಸಿದರು. ಇನ್ನು ಅಲೆಪ್ಪೊದವರಂತೂ ಅರಬ್ಬಿ ರಾಗಗಳಿಗೆ ಹೀಬ್ರೂ ಪ್ರಾರ್ಥನೆ ಹೊಂದಿಸಿ ಹಾಡುವುದರಲ್ಲಿ ಹೆಸರಾದವರು. ಇಸ್ರೇಲಿನ ಸೆಫಾರ್ದಿ (ಸ್ಪೇನ್, ಅರಬ್ ನಾಡುಗಳ ಮೂಲದ) ಯಹೂದಿಗಳ ಮುಖ್ಯ ರಬ್ಬಿ, ಅಂದರೆ ಧರ್ಮಗುರುವಾಗಿದ್ದ ಓವಾದಿಯಾ ಯೋಸೆಫ್ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿದ್ದರು. ಮನೆಯಲ್ಲಿ ನಿಲ್ಲಿಸಿದ ರಾಗವನ್ನೇ ಮಗ ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಹಾಡುತ್ತಿರಲಿಕ್ಕೂ ಸಾಕು. ಅವರಿಗೆ ಅಡ್ಡಿಯಾಗುವುದು ಪ್ರೇಮದ ಮಾತು ಮತ್ತು ಹೆಣ್ಣಿನ ದನಿ. ಇದನ್ನೆಲ್ಲ ಅವರ ಮುಂದೆ ವಾದ ಮಾಡಲು ಹೋಗಬೇಡಿ, ಧರ್ಮ ಅವರದು.

ಗುಟ್ಟಾಗಿಯೂ ಹಾಕಬೇಡಿ. ಸಿಕ್ಕಿಬಿದ್ದರೆ ಅಜ್ಜಿಗೆ ಒಂದು ಗದರಿಕೆ, ನಿಮಗೆ ಕೆಲಸವೇ ಹೋದೀತು. ಹಾಡಿದ್ದಾಗ ಅಜ್ಜಿ ಎಷ್ಟು ಉಣ್ಣುತ್ತಿದ್ದರು, ಹಾಡಿಲ್ಲದೆ ಈಗ ಎಷ್ಟು ಎಂದು ಲೆಕ್ಕ ಬರೆದಿಟ್ಟು ಮಗನ ಕೈಗೆ ಕೊಡಿ. ‘ನಿಮ್ಮ ರಬ್ಬಿಯನ್ನು ಒಮ್ಮೆ ಕೇಳುತ್ತೀರಾ?’ ಎನ್ನಿ. ಅಡಿಗೆಯ ಪಾತ್ರೆ ಶಾಸ್ತ್ರಕ್ಕೆ ಸರಿಯೋ ಅಲ್ಲವೋ ಎಂಬ ಸಂಶಯಕ್ಕೂ ರಬ್ಬಿಯ ಬಳಿ ಓಡುವ ಜನ ಅವರು. ಅಲ್ಲಿಯವರೆಗೆ ಅಲೆಪ್ಪೊದ ಗಂಡಸರು ಹಾಡಿದ ‘ಬಕ್ಕಾಶೋತ್’ ಭಕ್ತಿಗೀತೆಗಳ ಧ್ವನಿಮುದ್ರಣವನ್ನು ಮಗನಿಂದಲೇ ಆರಿಸಿಕೊಳ್ಳಿ.

ಅವರ ವಾರದ ವಿಶ್ರಾಂತಿಯ ದಿನವಾದ ಶಬ್ಬತ್ತಿನಂದು ಮೊಬೈಲ್ ಮುಟ್ಟಬೇಡಿ. ಬೇಸಿಗೆಯಲ್ಲಿ, ಅವರ ಆವ್ ತಿಂಗಳ ಒಂಬತ್ತರವರೆಗಿನ, ದೇವಾಲಯದ ಶೋಕದ ಮೂರು ವಾರವೂ ಸಂಗೀತವಿಲ್ಲ. ನಿಮ್ಮಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲಕ್ಕೆ ಮದುವೆಯ ಬ್ಯಾಂಡು ನಿಲ್ಲುವುದಿಲ್ಲವೇ, ಹಾಗೆ.

ಅಂದ ಹಾಗೆ, ಹೆಂಗಸರಷ್ಟೇ ಇದ್ದಾಗ ಹೆಣ್ಣಿನ ದನಿಗೆ ಆ ನಿಯಮ ಅಡ್ಡಬರುವುದಿಲ್ಲ. ನಿಮ್ಮ ಊರಿನ ಜೋಗುಳವೊಂದನ್ನು ಅಜ್ಜಿಗೆ ಹಾಡಿ ತೋರಿಸಿ.